ತೋಟದ ಆಫೀಸಿನಲ್ಲಿ ಚಾರ್ಜರ್‌ಗಳ ಪಾಡು

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ ಬರೆಯೋದು, ವಾರದ ಬಟವಾಡೆ, ಗೊಬ್ಬರ-ಔಷಧಿ ಲೆಕ್ಕ, ಇಷ್ಟೇ ಕೆಲಸ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅವೆಲ್ಲ ಹೇಗೋ ನಡೆದುಹೋಗುತ್ತವೆ. ಮಳೆಗಾಲದಲ್ಲಿ ನನ್ನ ತಲೆ ತಿನ್ನೋದು ಚಾರ್ಜರ್.

ನಗಬೇಡಿ. ಇಲ್ಲಿ ಮಳೆ ಹಿಡಿಯಿತು ಅಂದರೆ ಮರ ಬಿದ್ದು ಕರೆಂಟಿನ ಲೈನ್ ಹರಿಯೋದು ಮಾಮೂಲು. ಯಾವಾಗ ಸರಿಹೋಗುತ್ತದೆ ಅಂತ ಲೈನ್‌ಮನ್‌ಗೂ ಗೊತ್ತಿರಲ್ಲ. ಸಂಜೆ ಹೊತ್ತು ಜನರೇಟರ್ ಹಾಕುತ್ತೇವೆ. ಡೀಸೆಲ್ ಖರ್ಚು ನೋಡಿಕೊಂಡೇ ಓಡಿಸಬೇಕು, ರಾತ್ರಿಯಿಡೀ ಆಗಲ್ಲ. ಆ ಸ್ವಲ್ಪ ಹೊತ್ತಿನಲ್ಲೇ ಕಾವಲಿನವರ ಟಾರ್ಚ್, ಮೇಸ್ತ್ರಿಗಳ ಫೋನ್, ವಾಕಿಟಾಕಿ, ಬ್ಯಾಟರಿ ಸ್ಪ್ರೇಯರ್, ಆಫೀಸಿನ ಲ್ಯಾಪ್‌ಟಾಪ್ ಎಲ್ಲಾ ಚಾರ್ಜ್ ಆಗಬೇಕು. ಲೈನ್ ಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಇರೋ ಅಸ್ಸಾಂ ಹುಡುಗರೂ ಫೋನ್ ಹಿಡಿದುಕೊಂಡು ಬಂದು ನಿಲ್ಲುತ್ತಾರೆ. ಬೇಡ ಅನ್ನೋಕಾಗುತ್ತಾ? ಮನೆಗೆ ಮಾತಾಡೋಕೆ ಅವರಿಗೂ ಅದೊಂದೇ ದಾರಿ.

ಇನ್ನೊಂದು ವಿಷಯ ಆನೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಆನೆ ಅಂದರೆ ಕಾಡಿನ ಸಮಾಚಾರ ಅಲ್ಲ, ತೋಟದ ಸಮಾಚಾರ. ಹಿಂಡು ಯಾವ ಕಡೆ ಇದೆ ಅಂತ ಅರಣ್ಯ ಇಲಾಖೆಯಿಂದ ಮೆಸೇಜ್ ಬರುತ್ತದೆ. ಅದನ್ನು ನೋಡಿಕೊಂಡೇ ಬೆಳಿಗ್ಗೆ ಆಳುಗಳನ್ನು ಯಾವ ಕಡೆ ಕಳಿಸೋದು ಅಂತ ತೀರ್ಮಾನ ಮಾಡುತ್ತೇವೆ. ಮೇಸ್ತ್ರಿ ಫೋನ್ ಸ್ವಿಚ್ ಆಫ್ ಆಗಿದ್ದರೆ ಆ ಮೆಸೇಜ್ ಬಂದೂ ಉಪಯೋಗವಿಲ್ಲ. ರಾತ್ರಿ ಪಂಪ್‌ಹೌಸ್ ಕಡೆ ಹೋಗೋನ ಟಾರ್ಚು ಅರ್ಧ ದಾರಿಗೆ ಮಂಕಾದರೆ ಏನಾಗಬಹುದು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಮೊದಲೂ ಈ ತಾಪತ್ರಯ ಇತ್ತು. ನೋಕಿಯಾ ಕಾಲದಲ್ಲಿ ದಪ್ಪ ಪಿನ್, ಸಣ್ಣ ಪಿನ್ ಅಂತ ಎರಡು ಬಗೆ. ಆಮೇಲೆ ಮಿನಿ ಯುಎಸ್‌ಬಿ, ಮೈಕ್ರೋ ಯುಎಸ್‌ಬಿ. 2012ರಲ್ಲಿ ಐಫೋನಿಗೆ ಲೈಟ್ನಿಂಗ್ ಬಂತು, 2014ರಲ್ಲಿ ಟೈಪ್-ಸಿ. ಆದರೆ ಆಗೆಲ್ಲ ಒಂದು ಅನುಕೂಲ ಇತ್ತು. ಹೊಂದದೇ ಇರೋದು ಕಣ್ಣಿಗೇ ಕಾಣುತ್ತಿತ್ತು. ದಪ್ಪ ಪಿನ್ನು ಸಣ್ಣ ತೂತಿಗೆ ಹೋಗಲ್ಲ, ಅಲ್ಲಿಗೆ ಮಾತು ಮುಗಿಯಿತು. ಈಗ ಎಲ್ಲದರ ಮುಖ ಒಂದೇ ಥರ. ಹೊಂದದೇ ಇರೋದು ಒಳಗೆ ಹೋಗಿ ಕೂತಿದೆ. ಕೆಲಸದ ಜಾಗದಲ್ಲಿ ಇದು ಜಾಸ್ತಿ ಕಷ್ಟ. ಚುಚ್ಚಿದ್ದೇವೆ, ಆಗುತ್ತಿದೆ ಅಂತ ನಂಬಿ ಜನ ಮಲಗುತ್ತಾರೆ.

ಕಳೆದ ಮಳೆಗಾಲಕ್ಕೆ ಮುಂಚೆ ಸಾವ್ಕಾರ್ರು ಪೇಟೆಯ ಅಂಗಡಿಯಿಂದ ಹೊಸ ಟಾರ್ಚ್‌ಗಳನ್ನು ತಂದರು. ‘ಎಲ್ಲಾ ಟೈಪ್-ಸಿ ರೈಟ್ರೇ, ಇನ್ನು ನಿಮ್ಮ ಗೋಳು ತಪ್ತು’ ಅಂದರು. ಎರಡೂ ತುದಿ ಟೈಪ್-ಸಿ ಇರೋ ಕೇಬಲ್ ಮತ್ತು ಹೊಸ ಫಾಸ್ಟ್ ಚಾರ್ಜರ್ ಆಫೀಸಿನಲ್ಲಿ ಆಗಲೇ ಇತ್ತು. ಸಂಜೆ ಕಾವಲಿನವನು ಟಾರ್ಚ್ ಹಾಕಿ ನೋಡಿದ. ‘ಪಿನ್ನು ಸರಿಯಾಗೇ ಕೂತದೆ ರೈಟ್ರೇ, ಕೆಂಪು ಲೈಟೇ ಬರ್ತಿಲ್ಲ.’ ತಿರುಗಿಸಿ ಹಾಕಿದ, ಒರೆಸಿ ಹಾಕಿದ, ಬೇರೆ ಟಾರ್ಚ್ ಹಾಕಿದ. ಯಾವುದೂ ಇಲ್ಲ. ಮಾರನೇ ದಿನ ಅಂಗಡಿಗೆ ತಗೊಂಡು ಹೋದರೆ ಅವರು ತಮ್ಮ ಹಳೇ ಚಾರ್ಜರ್‌ಗೆ ಹಾಕಿ ಕೆಂಪು ಲೈಟ್ ತೋರಿಸಿದರು. ‘ಸರಿಯಾಗೇ ಇದೆಯಲ್ಲ ಸಾರ್, ನಿಮ್ಮ ಕರೆಂಟೇ ಸರಿ ಇಲ್ಲ’ ಅಂದರು.

ಸಂಗತಿ ಬಿಡಿಸಿ ಹೇಳಿದವನು ಮೊಬೈಲ್ ರಿಪೇರಿ ಮಾಡೋ ಒಬ್ಬ ಹುಡುಗ. ಹಳೇ ಚಾರ್ಜರ್‌ನ ಅಗಲ ಬಾಯಿಯ ಯುಎಸ್‌ಬಿ ತೂತಿನಲ್ಲಿ ಯಾವಾಗಲೂ 5 ವೋಲ್ಟ್ ಇರುತ್ತದೆ. ಏನು ಚುಚ್ಚಿದರೂ ಕೊಡುತ್ತದೆ. ಟೈಪ್-ಸಿ ತೂತಿರೋ ಚಾರ್ಜರ್ ಹಾಗಲ್ಲ. ಆ ಕಡೆ ಚಾರ್ಜ್ ಕೇಳೋ ಸಾಮಾನು ಇದೆ ಅಂತ ಖಾತ್ರಿಯಾಗೋವರೆಗೂ ಅದು ಕರೆಂಟ್ ಬಿಡೋದೇ ಇಲ್ಲ. ಖಾತ್ರಿಯಾಗೋಕೆ ಆ ಸಾಮಾನಿನೊಳಗೆ ಸಿಸಿ ಅನ್ನೋ ಎರಡು ಕಾಲುಗಳಿಗೆ ಒಂದೊಂದು 5.1 ಕಿಲೋ ಓಮ್ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಕೊಡೋ ಪುಟ್ಟ ಬಿಡಿಭಾಗ, ಹಾಕಿರಬೇಕು. ಪೈಸೆ ಲೆಕ್ಕದ ಸಾಮಾನು ಅದು. ಹುಡುಗ ಟಾರ್ಚಿನ ಹಿಂದಿನ ಮುಚ್ಚಳ ಬಿಚ್ಚಿ, ಭೂತಗನ್ನಡಿ ಕೈಗೆ ಕೊಟ್ಟು, ಬೋರ್ಡ್ ತೋರಿಸಿದ. ಟೈಪ್-ಸಿ ಬಾಯಿ ಹೊಳೆಯುತ್ತಾ ಕೂತಿತ್ತು. ಅದರ ಪಕ್ಕದಲ್ಲಿ ರೆಸಿಸ್ಟರ್ ಕೂರಬೇಕಾದ ಜಾಗಕ್ಕೆ ಬೆಸುಗೆಯ ಪುಟ್ಟ ಚುಕ್ಕೆಗಳು ಮಾತ್ರ. ಮೇಲೆ ಏನೂ ಇಲ್ಲ. ಮೈಕ್ರೋ ಯುಎಸ್‌ಬಿ ಕಾಲದ ಸರ್ಕ್ಯೂಟನ್ನೇ ಇಟ್ಟುಕೊಂಡು ಬಾಯಿ ಮಾತ್ರ ಬದಲಾಯಿಸಿದ್ದಾರೆ ಅಂದ. ಡಬ್ಬದ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ ಟೈಪ್-ಸಿ.

ಒಂದು ತುದಿ ಅಗಲ, ಇನ್ನೊಂದು ತುದಿ ಟೈಪ್-ಸಿ ಇರೋ ಹಳೇ ಕೇಬಲ್‌ನಲ್ಲಿ ಆ ಟಾರ್ಚ್‌ಗಳು ಇವತ್ತಿಗೂ ಚೆನ್ನಾಗಿ ಚಾರ್ಜ್ ಆಗುತ್ತವೆ. ಹಾಗಾಗಿ ಹಳೇ ಚಾರ್ಜರ್ ಬಿಸಾಡೋದನ್ನು ನಮ್ಮಲ್ಲಿ ನಿಲ್ಲಿಸಿದ್ದೇವೆ.

ಫೋನ್‌ಗಳದ್ದು ಬೇರೆ ಕಥೆ. ಅಲ್ಲಿ ಚಾರ್ಜ್ ಆಗಲ್ಲ ಅಂತಿಲ್ಲ, ನಿಧಾನ ಅಷ್ಟೆ. ಕೆಲವು ಕಂಪನಿಗಳ ಫೋನಿಗೆ ಅವರದೇ ಚಾರ್ಜರ್, ಅವರದೇ ಕೇಬಲ್ ಇದ್ದರೆ ಮಾತ್ರ ಡಬ್ಬದ ಮೇಲೆ ಬರೆದ ವೇಗ. ಬೇರೆ ಹಾಕಿದರೆ ಆಮೆ ನಡಿಗೆ. ಊರಲ್ಲಿ ರಾತ್ರಿ ಹಾಕಿ ಬೆಳಿಗ್ಗೆ ತೆಗೆಯೋರಿಗೆ ಇದು ಗೊತ್ತೇ ಆಗಲ್ಲ. ಜನರೇಟರ್ ಹೊತ್ತಿನಲ್ಲಿ ಗೊತ್ತಾಗುತ್ತದೆ. ಕೇಬಲ್‌ನಲ್ಲೂ ಭೇದ ಇದೆ. ಸಾಮಾನ್ಯ ಸಿ ಟು ಸಿ ಕೇಬಲ್ 3 ಆಂಪಿಯರ್‌ವರೆಗೆ, ಅಂದರೆ 60 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕು ಅಂದರೆ ಒಳಗೆ ಪುಟ್ಟ ಚಿಪ್ ಇರೋ 5 ಆಂಪಿಯರ್ ಕೇಬಲ್ಲೇ ಬೇಕು. ನಮ್ಮ ಲ್ಯಾಪ್‌ಟಾಪ್ 65 ವ್ಯಾಟ್‌ನದ್ದು. ಅದರ ಕೇಬಲ್ ಯಾರಾದರೂ ಫೋನಿಗೆ ಅಂತ ಎತ್ತಿಕೊಂಡು ಹೋಗಿ ಬೇರೆಯದನ್ನು ಇಟ್ಟರೆ ನೋಡೋಕೆ ಎರಡೂ ಒಂದೇ. ಈಗ ಅದಕ್ಕೆ ಕೆಂಪು ಟೇಪ್ ಸುತ್ತಿದ್ದೇನೆ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಡೇಟಾದ ತಂತಿಯೇ ಇರಲ್ಲ, ಬರೀ ಚಾರ್ಜಿಂಗ್ ತಂತಿ. ಹಾಜರಿ ಫೋಟೋ ಲ್ಯಾಪ್‌ಟಾಪಿಗೆ ಹಾಕಿಕೊಳ್ಳೋಕೆ ಹೋದಾಗ ಅದರ ಬಣ್ಣ ಬಯಲಾಗುತ್ತದೆ.

ನನ್ನನ್ನು ಕೇಳಿದರೆ ಇದೆಲ್ಲಕ್ಕಿಂತ ಭಯ ಹುಟ್ಟಿಸೋದು ಗುಂಡು ಪಿನ್. ನಮ್ಮ ಸ್ಪ್ರೇಯರ್‌ನಲ್ಲಿ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಇದೆ. ಅದರ ಚಾರ್ಜರ್‌ಗೂ ಗುಂಡು ಪಿನ್, ವೈಫೈ ರೂಟರ್‌ನ ಅಡಾಪ್ಟರ್‌ಗೂ ಗುಂಡು ಪಿನ್. ಎರಡರ ಹೊರಗಿನ ಅಳತೆಯೂ ಒಂದೇ, 5.5 ಮಿಲಿಮೀಟರ್. ರೂಟರ್‌ನದ್ದನ್ನು ಸ್ಪ್ರೇಯರ್‌ಗೆ ಹಾಕಿದರೆ ಲೈಟ್ ಉರಿಯುತ್ತದೆ, ಬ್ಯಾಟರಿ ತುಂಬಲ್ಲ. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಬೇಕಾದರೆ 14 ವೋಲ್ಟಿನ ಹತ್ತಿರ ಕೊಡಬೇಕು, ರೂಟರ್‌ನ ಅಡಾಪ್ಟರ್ ಅಷ್ಟು ಕೊಡಲ್ಲ. ಬೆಳಿಗ್ಗೆ ಔಷಧಿ ಹೊಡೆಯೋನು ಬೆನ್ನಿಗೆ ಹಾಕಿಕೊಂಡು ಹೋಗಿ, ಇಳಿಜಾರಿನ ತಳ ಮುಟ್ಟೋ ಹೊತ್ತಿಗೆ ಪಂಪ್ ಉಸಿರು ಬಿಡುತ್ತದೆ. ಹತ್ತಿ ವಾಪಸ್ ಬರಬೇಕು, ಕಲಸಿದ ಔಷಧಿ ಹಾಗೇ ಉಳಿಯುತ್ತದೆ. ಆ ಮೇಲೆ ಬೈಗುಳ ಯಾರಿಗೆ? ಔಷಧಿ ಹೊಡೆಯೋನಿಗೆ. ಇದು ನ್ಯಾಯ ಅಲ್ಲ. ಚಾರ್ಜರ್ ಗುರುತು ಇಡೋದು ಆಫೀಸಿನ ಕೆಲಸ.

ಉಲ್ಟಾ ಮಾಡಿದರೆ, ಅಂದರೆ ಸ್ಪ್ರೇಯರ್ ಚಾರ್ಜರನ್ನು ರೂಟರ್‌ಗೆ ಹಾಕಿದರೆ, ರೂಟರೇ ಸುಟ್ಟುಹೋಗಬಹುದು. ಲಿಥಿಯಂ ಬ್ಯಾಟರಿಯ ಹೊಸ ಸ್ಪ್ರೇಯರ್‌ಗಳಿಗಂತೂ ಲೆಡ್ ಆಸಿಡ್ ಚಾರ್ಜರ್ ಹಾಕಲೇಬಾರದು. ಅವುಗಳ ಮಿತಿ ಬೇರೆ, ಮೀರಿದರೆ ಬೆಂಕಿಯ ಅಪಾಯ ಇದೆ. ಅದಕ್ಕೇ ಪ್ರತಿ ಗುಂಡು ಪಿನ್ ಚಾರ್ಜರನ್ನೂ ಅದರದೇ ಯಂತ್ರದ ಹಿಡಿಕೆಗೆ ನೈಲಾನ್ ದಾರದಲ್ಲಿ ಕಟ್ಟಿಬಿಟ್ಟಿದ್ದೇನೆ. ನೋಡೋಕೆ ಚೆನ್ನಾಗಿಲ್ಲ. ಬಂದವರು ಎಮ್ಮೆ ಕಟ್ಟಿದ್ದೀರಾ ಅಂತ ಕೇಳುತ್ತಾರೆ. ಕೇಳಲಿ.

ಮಳೆಗಾಲದಲ್ಲಿ ಥಂಡಿಯದ್ದೂ ಒಂದು ಕಾಟ. ಮೈಕ್ರೋ ಯುಎಸ್‌ಬಿ ಬಾಯಿಯೊಳಗೆ ಹಸಿರು ಕಿಲುಬು ಕಟ್ಟುತ್ತದೆ. ಕೆಲವು ಹೊಸ ಫೋನ್‌ಗಳು ತೂತಿನಲ್ಲಿ ತೇವ ಇದೆ ಅಂತ ಹೇಳಿ ಚಾರ್ಜ್ ಆಗೋಕೇ ಒಪ್ಪಲ್ಲ. ಆಗ ನಮ್ಮವರು ಮಾಡೋದೇನು ಅಂದರೆ ಬಚ್ಚಲ ಒಲೆಯ ಮೇಲಿನ ಕಟ್ಟೆಯಲ್ಲಿ ಫೋನ್ ಇಡೋದು. ಬೇಡ ಅಂತ ಎಷ್ಟು ಹೇಳಿದರೂ ಅಷ್ಟೆ. ಬಾಯಿ ಕೆಳಗೆ ಮಾಡಿ ತಟ್ಟಿ, ಫ್ಯಾನ್ ಗಾಳಿಗೆ ಇಟ್ಟರೆ ಸಾಕು. ಮಣ್ಣು ಸೇರಿದ್ದರೆ ಫೋನ್ ಆಫ್ ಮಾಡಿ ಬಿದಿರಿನ ಕಡ್ಡಿಯಲ್ಲಿ ಹುಷಾರಾಗಿ ಕೆರೆಯಬೇಕು, ಗುಂಡುಸೂಜಿ ಹಾಕಬಾರದು.

ಸರ್ಕಾರಗಳು ಏನೂ ಮಾಡಿಲ್ಲ ಅಂತಲ್ಲ. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನ್, ಟ್ಯಾಬ್ಲೆಟ್, ಕ್ಯಾಮೆರಾ, ಹೆಡ್‌ಫೋನ್ ಮುಂತಾದವಕ್ಕೆ ಟೈಪ್-ಸಿ ಕಡ್ಡಾಯ. ಐಫೋನ್ ಕೂಡ 2023ರಲ್ಲೇ ಬದಲಾಯಿತು. ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) 2023ರ ಜನವರಿಯಲ್ಲಿ ಟೈಪ್-ಸಿ ಬಾಯಿ, ಪಿನ್, ಕೇಬಲ್‌ಗಳಿಗೆ ಮಾನದಂಡ ಪ್ರಕಟಿಸಿತು. ಒಳ್ಳೆಯದೇ. ಆದರೆ ಯುರೋಪಿನ ಆ ಪಟ್ಟಿಯಲ್ಲಿ ಟಾರ್ಚ್ ಇಲ್ಲ, ಸ್ಪ್ರೇಯರ್ ಇಲ್ಲ. ತೋಟದಲ್ಲಿ ನಾವು ದಿನಾ ಹಿಡಿಯೋ ಸಾಮಾನೇ ಹೊರಗುಳಿದಿದೆ. ಹಾಗಾಗಿ ಖರೀದಿಯ ಹೊತ್ತಿಗೆ ನಾವೇ ನೋಡಿಕೊಳ್ಳಬೇಕು. ಈಗ ಏನು ತರೋಕೆ ಹೋದರೂ ನಮ್ಮ ಸಿ ಟು ಸಿ ಕೇಬಲ್ ಮತ್ತು ಚಾರ್ಜರ್ ಜೇಬಿನಲ್ಲಿ ಇರುತ್ತದೆ. ಡಬ್ಬ ಅಂಗಡಿಯಲ್ಲೇ ಬಿಚ್ಚಿಸಿ, ಅಲ್ಲೇ ಚುಚ್ಚಿ, ಲೈಟ್ ಬಂದ ಮೇಲೆ ದುಡ್ಡು. ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಕೆಲವರು ಬಿಚ್ಚೋಕೆ ಬಿಡಲ್ಲ. ಬಿಡದ ಕಡೆ ತಗೊಳ್ಳಲ್ಲ.

ವಾಕಿಟಾಕಿಗೆ ಮಾತ್ರ ನನ್ನ ಹತ್ತಿರ ಉಪಾಯ ಇಲ್ಲ. ಒಂದೊಂದು ಮಾಡೆಲ್‌ಗೆ ಒಂದೊಂದು ತೊಟ್ಟಿಲು ಚಾರ್ಜರ್, ಅದು ಕಳೆದರೆ ಸೆಟ್ಟೇ ಹೋದ ಹಾಗೆ. ಈ ಸಲ ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯೋಕೆ, ಬ್ಯಾಟರಿ ಗರಗಸ ತಗೊಳ್ಳೋ ಮಾತು ನಡೆದಿದೆ. ಕಳೆ ಕಟರ್‌ಗೂ ಗರಗಸಕ್ಕೂ ಒಂದೇ ಬ್ಯಾಟರಿ, ಒಂದೇ ಚಾರ್ಜರ್ ಆಗುವಂಥದ್ದನ್ನು ನಾನು ಹೇಳಿದ್ದೇನೆ. ಬೆಲೆ ಜಾಸ್ತಿ. ಸಾವ್ಕಾರ್ರು ಇನ್ನೂ ಹೂಂ ಅಂದಿಲ್ಲ.