ಬಾಡಿಗೆ ಕರಾರು ಗಂಡನ ಹೆಸರಲ್ಲಿದೆ, ನಾನು ಮನೆ ಬಿಡಲೇಬೇಕಾ?

ಹಾಸನದಲ್ಲಿ ವಕೀಲಿ ಮಾಡುವ ನನ್ನನ್ನು ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲಿ ಸಿಕ್ಕರೂ ಹೆಂಗಸರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ‘ಮೇಡಂ, ಅಗ್ರಿಮೆಂಟ್ ನಮ್ಮೆಜಮಾನ್ರ ಹೆಸರಲ್ಲಿದೆ. ಹೊಡೆತ ತಡಿಯೋಕಾಗ್ತಿಲ್ಲ. ಕಂಪ್ಲೇಂಟ್ ಕೊಟ್ರೆ ಮನೆಯಿಂದ ಆಚೆ ಹಾಕ್ತಾರಾ?’ ಕೆಲವರು ‘ಪಕ್ಕದ ಮನೆಯವಳ ವಿಷಯ’ ಅಂತ ಶುರು ಮಾಡುತ್ತಾರೆ. ನಾನೂ ಪಕ್ಕದ ಮನೆಯವಳಿಗೇ ಹೇಳುವಂತೆ ಉತ್ತರ ಕೊಡುತ್ತೇನೆ.

ಹಾಗೆಲ್ಲ ಹಾಕುವಂತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ನೀವು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ನಿಮಗಿದೆ. ಮನೆ ಸ್ವಂತದ್ದಾಗಲಿ ಬಾಡಿಗೆಯದ್ದಾಗಲಿ, ಕಾಗದದಲ್ಲಿ ನಿಮ್ಮ ಹೆಸರು ಇಲ್ಲದಿದ್ದರೂ ಸರಿ. 19ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಮ್ಯಾಜಿಸ್ಟ್ರೇಟರು ಹೊಡೆಯುವ ಗಂಡನನ್ನೇ ಮನೆಯಿಂದ ಹೊರಗೆ ಕಳಿಸಬಹುದು, ಬಾಡಿಗೆ ಅವನೇ ಕಟ್ಟಬೇಕು ಅನ್ನಬಹುದು, ಅದೇ ಮಟ್ಟದ ಬೇರೆ ಮನೆ ಮಾಡಿಕೊಡು ಅನ್ನಬಹುದು. ಇದನ್ನು ಹೇಳಿದರೆ ಹೆತ್ತವರೇ ನನ್ನ ಮುಖ ನೋಡುತ್ತಾರೆ. ಗಂಟುಮೂಟೆ ಕಟ್ಟಬೇಕಾದವಳು ಹೆಣ್ಣೇ ಅಂತ ಎಲ್ಲರೂ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. (ಅತ್ತೆಯನ್ನೂ ಕಳಿಸಬಹುದಾ ಅಂತ ಕೇಳುವವರಿದ್ದಾರೆ. ಇಲ್ಲ. ಹೊರಗೆ ಹೋಗು ಅನ್ನುವ ಆದೇಶವನ್ನು ಹೆಂಗಸರ ಮೇಲೆ ಮಾಡುವಂತಿಲ್ಲ.)

ಬಾಡಿಗೆ ಮನೆಯಲ್ಲಿ ನಿಜವಾದ ತಲೆನೋವು ಶುರುವಾಗುವುದು ಓನರ್ ಕಡೆಯಿಂದ. ಗುರುತು ಸಿಗದಷ್ಟು ಬದಲಿಸಿ ಒಂದು ಉದಾಹರಣೆ ಹೇಳುತ್ತೇನೆ. ಸಾಲಗಾಮೆ ರಸ್ತೆ ಕಡೆ ಭೋಗ್ಯಕ್ಕೆ ಹಾಕಿಕೊಂಡ ಮನೆ. ದುಡ್ಡು ಹೊಂದಿಸಿದ್ದು ಹೆಂಡತಿಗೆ ತವರಿನವರು ಹಾಕಿದ್ದ ಸರ ಅಡವಿಟ್ಟು. ಕರಾರಿನಲ್ಲಿ ಗಂಡನ ಹೆಸರು ಮಾತ್ರ. ಇವಳು ಕೇಸ್ ಹಾಕಿದ್ದೇ ತಡ, ಅವನು ಹೋಗಿ ಭೋಗ್ಯದ ದುಡ್ಡು ವಾಪಸ್ ಇಸಕೊಂಡ. ಓನರ್ ಬಂದು, ‘ನಿಮ್ಮ ಯಜಮಾನ್ರಿಗೂ ನಮಗೂ ಲೆಕ್ಕ ಚುಕ್ತಾ ಆಯ್ತಮ್ಮ, ಖಾಲಿ ಮಾಡಿ. ನಮಗೆ ಗಲಾಟೆ ಬೇಡ’ ಅಂದರು. ಇವಳು ಕದಲದಿದ್ದಾಗ ಸಂಪಿನ ಮೋಟರ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಬಿತ್ತು. ಮಕ್ಕಳು ಎದುರು ಮನೆಯಿಂದ ಕೊಡದಲ್ಲಿ ನೀರು ಹೊತ್ತರು.

ಆದ್ದರಿಂದ ಮೊದಲ ಅರ್ಜಿಯಲ್ಲೇ, ಗಂಡ ಆ ಮನೆಯ ಹಕ್ಕು ಬಿಟ್ಟುಕೊಡಬಾರದು, ಭೋಗ್ಯದ ದುಡ್ಡು ಮುಟ್ಟಬಾರದು ಅಂತ ತಡೆ ಕೇಳಬೇಕು. ತುರ್ತಿದ್ದರೆ ಎದುರಿನವರು ಬರುವ ಮೊದಲೇ 23ನೇ ಕಲಂ ಅಡಿ ಮಧ್ಯಂತರ ಆದೇಶ ಸಿಗುತ್ತದೆ. ಅದರ ನಕಲನ್ನು ಓನರ್‌ಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಕೋರ್ಟಿನ ಸೀಲು ಕಂಡ ಮೇಲೆ ಎಂಥ ಓನರ್ ಆದರೂ ಒಂದು ಸಲ ತಮ್ಮ ವಕೀಲರನ್ನು ಕೇಳುತ್ತಾರೆ. ಹಾಗೆ ನೋಡಿದರೆ ಓನರ್‌ಗೂ ನೀರು ನಿಲ್ಲಿಸಿ, ಬೀಗ ಜಡಿದು ಬಾಡಿಗೆದಾರರನ್ನು ಓಡಿಸುವ ಹಕ್ಕಿಲ್ಲ. ನೋಟಿಸ್ ಕೊಟ್ಟು ಕೋರ್ಟಿಗೇ ಹೋಗಬೇಕು. ಬಲವಂತವಾಗಿ ಹೊರಹಾಕಿದರೆ ಸ್ವಾಧೀನ ವಾಪಸ್ ಕೇಳಿ 6 ತಿಂಗಳೊಳಗೆ ದಾವೆ ಹೂಡಬಹುದು.

ಗಂಡ ಕೈಕಟ್ಟಿ ಕೂತು, ಓನರ್ ಖಾಲಿ ಮಾಡಿಸುವ ಕೇಸ್ ಹಾಕಿದರೆ? ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ ಹೇಳಿದೆ: ಗಂಡ ಬಿಟ್ಟುಹೋದ ಹೆಂಡತಿ ಆ ಬಾಡಿಗೆ ಮನೆಯಲ್ಲೇ ಇದ್ದರೆ ಗಂಡನ ಜಾಗದಲ್ಲಿ ನಿಂತು ಕೇಸ್ ನಡೆಸಬಹುದು. ಆದರೆ ಅವಳ ಹಕ್ಕು ಗಂಡನಿಗಿದ್ದ ಹಕ್ಕಿಗಿಂತ ದೊಡ್ಡದಾಗದು, ವಿಚ್ಛೇದನ ಆದ ಮೇಲೆ ಡಿಕ್ರಿಯಲ್ಲಿ ಬರೆಸಿಕೊಳ್ಳದಿದ್ದರೆ ಅದೂ ಉಳಿಯದು. ಬಾಡಿಗೆ ಬಾಕಿಯಾದರೆ ನಿಮ್ಮ ಕಾಲಡಿಯ ನೆಲವೇ ಹೋಗುತ್ತದೆ. ಹೇಗಾದರೂ ಕಟ್ಟುತ್ತಾ ಹೋಗಿ, ಕೈಗೆ ಕೊಡಬೇಡಿ, ಫೋನ್‌ಪೇ ಮಾಡಿ. ಅವರು ತಗೊಳ್ಳಲ್ಲ ಅಂದರೆ ಮನಿಯಾರ್ಡರ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಅತ್ತೆ ಮಾವನ ಹೆಸರಿನ ಮನೆಯಾದರೂ ದಾರಿ ಮುಚ್ಚಿಲ್ಲ, ಅಂಥ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲ ಅನ್ನುತ್ತಿದ್ದ ಹಳೆಯ ತೀರ್ಪನ್ನು 2020ರಲ್ಲಿ ಸುಪ್ರೀಂ ಕೋರ್ಟು ಬದಲಿಸಿದೆ. ಹಿರಿಯರ ನೆಮ್ಮದಿಯನ್ನೂ ಕೋರ್ಟು ತೂಗಿ ನೋಡುತ್ತದೆ, ಅಷ್ಟೇ.

ಇಷ್ಟೆಲ್ಲ ಹೇಳಿದರೂ, ಜೀವಕ್ಕೆ ಭಯವಿದ್ದರೆ ಹಕ್ಕಿನ ಮಾತು ಬೆಳಗ್ಗೆ ಆಡೋಣ. ರಾತ್ರಿ 112 (ತುರ್ತು ಸಹಾಯ) ಅಥವಾ 181ಕ್ಕೆ (ಮಹಿಳಾ ಸಹಾಯವಾಣಿ) ಫೋನ್ ಮಾಡಿ, ಆಚೆ ಬನ್ನಿ. ಬಂದುಬಿಟ್ಟರೆ ಮನೆಯ ಹಕ್ಕು ಹೋಗುವುದಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸು ಹತ್ತಲು ದುಡ್ಡೂ ಬೇಡ, ಆಧಾರ್ ಒಂದು ಕೈಯಲ್ಲಿರಲಿ. ನೊಂದ ಹೆಂಗಸರಿಗೆಂದೇ ಇರುವ ಜಿಲ್ಲೆಯ ಸರ್ಕಾರಿ ಸಖಿ ಕೇಂದ್ರದಲ್ಲಿ 5 ದಿನದವರೆಗೆ ತಂಗಬಹುದು, ಆಮೇಲೆ ಆಶ್ರಯ ಕೇಂದ್ರ. ಅಲ್ಲಿ ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇದೆ. ಹೈಸ್ಕೂಲಿಗೆ ಹೋಗುವ ಮಗನನ್ನು ಎಲ್ಲಿ ಬಿಡಲಿ ಅಂತ ತಾಯಿ ಅದೇ ಮನೆಗೆ ವಾಪಸ್ ಹೋಗುತ್ತಾಳೆ. ಈ ನಿಯಮ ಬರೆದವರಿಗೆ ಆ ವಯಸ್ಸಿನ ಮಕ್ಕಳಿರಲಿಲ್ಲವೋ ಏನೋ.

ಅರ್ಜಿ ಯಾರಿಗೆ? ಈ ಕಾಯ್ದೆಯಡಿ ನಿಮಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿಗೆ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಅಂದರೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ ಮೊಟ್ಟೆ ಲೆಕ್ಕದ ನಡುವೆ ನಿಮ್ಮ ಮೇಲಾದ ದೌರ್ಜನ್ಯದ ವರದಿಯನ್ನೂ ಬರೆಯಬೇಕಾದವರು ಅವರೇ, ಹಾಗಾಗಿ ಬೆನ್ನು ಬಿಡಬೇಡಿ. ನೇರ ಕೋರ್ಟಿಗೂ ಹೋಗಬಹುದು. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಅಂತ ಕಾಯ್ದೆ ಹೇಳುತ್ತದೆ. ವಾಯಿದೆ ಮೇಲೆ ವಾಯಿದೆ ಬೀಳುವುದನ್ನು ನಾನು ದಿನಾ ನೋಡುತ್ತೇನೆ. ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಬೆಂಗಳೂರಿನಲ್ಲಿ ಸಂಸಾರ ಮಾಡಿ ಈಗ ಅರಕಲಗೂಡಿನ ತವರಿಗೆ ಬಂದಿದ್ದೀರಾ? ಕೇಸ್ ಹಾಕಲು ಅಲ್ಲಿಗೆ ಓಡಾಡಬೇಕಿಲ್ಲ. ಸದ್ಯಕ್ಕೆ ಎಲ್ಲಿದ್ದೀರೋ ಆ ಊರಿನ ಕೋರ್ಟಿನಲ್ಲೇ ಹಾಕಬಹುದು, ಆದೇಶ ದೇಶದ ತುಂಬಾ ನಡೆಯುತ್ತದೆ. ಬರುವಾಗ ಬಾಡಿಗೆ ಕರಾರಿನ ಫೋಟೋ ಫೋನಿನಲ್ಲಿರಲಿ, ಸಹಿ ಹಾಕಿದ ಕೊನೆಯ ಹಾಳೆಯೂ ಸೇರಿ.