ಫೋಮ್ ಮ್ಯಾಟ್ ಸುರುಳಿ ಪ್ರಾಜೆಕ್ಟ್: ಕೊನೆಗೂ ಆ ಅಡ್ಡಗೆರೆ ಹೋಯ್ತು

ಹೋಯ್ತು ಕಣ್ರೀ, ಮಗು ಆಡೋ ಮ್ಯಾಟನ್ನ ಸುತ್ತಿ ಇಟ್ಟಾಗೆಲ್ಲ ಅದರ ಮೇಲೆ ಬೀಳ್ತಿದ್ದ ಆ ದರಿದ್ರ ಗೆರೆ ಹೋಯ್ತು. ಮ್ಯಾಟ್ ಬಿಚ್ಚಿ ಹಾಸಿ, ಲೈಟ್ ಎಲ್ಲ ಆರಿಸಿ, ಟಾರ್ಚನ್ನ ನೆಲದ ಮಟ್ಟಕ್ಕೆ ಹಿಡ್ಕೊಂಡು ಅಡ್ಡ ಬೆಳಕಲ್ಲಿ ಹುಡುಕಿದ್ರೂ ಸಿಗ್ಲಿಲ್ಲ. ಮನೇಲಿ ಯಾರಿಗೂ ಇದರ ಬೆಲೆ ಗೊತ್ತಾಗಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ತೊಳೆಯೋದು, ಒರೆಸೋದು, ನೆರಳಲ್ಲಿ ಒಣಗಿಸೋದು ಇದನ್ನೆಲ್ಲ ಬರೆಯಲ್ಲ, ಎಲ್ರಿಗೂ ಗೊತ್ತಿರೋದೇ. ಒಂದೇ ಮಾತು, ಫೋಮ್ ಕ್ಲೋಸ್ಡ್ ಸೆಲ್, ಅಂದ್ರೆ ಒಳಗಿನ ಪುಟ್ಟ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರೋ ಜಾತಿ ಆದ್ರಿಂದ ನೀರು ಒಳಗೆ ಹೋಗಲ್ಲ ಅಂತ ಧೈರ್ಯದಿಂದ ಹಸೀನೇ ಸುತ್ತಿ ಇಡೋರು ಇದಾರೆ. ನೀರು ಸೆಲ್ ಒಳಗೆ ಹೋಗಲ್ಲ ನಿಜ, ಆದ್ರೆ ಎರಡು ಸುತ್ತುಗಳ ಮಧ್ಯೆ ಕೂತ್ಕೊಳ್ಳತ್ತಲ್ಲ, ಅಲ್ಲಿ ಬೂಷ್ಟು ಬರತ್ತೆ, ಮುಗ್ಗಲು ವಾಸನೆ ಬರತ್ತೆ. ಸರಿ, ಮುಂದಕ್ಕೆ.

ನಂದು ಎಕ್ಸ್‌ಪಿಇ ಮ್ಯಾಟ್, ಅಂದ್ರೆ ಕ್ರಾಸ್‌ಲಿಂಕ್ ಆದ ಪಾಲಿಎಥಿಲೀನ್, ಎರಡೂ ಕಡೆ ಪ್ರಿಂಟ್ ಇರೋ ಫಿಲ್ಮ್, 2 ಮೀಟರ್ ಉದ್ದ 1.8 ಮೀಟರ್ ಅಗಲ, ಮಡಚೋ ಜಾತಿ ಅಲ್ಲ, ಸುತ್ತೋ ಜಾತಿ. ದಪ್ಪ ಲೇಬಲ್ ಪ್ರಕಾರ 15 ಎಂಎಂ. "ಲೇಬಲ್ ಪ್ರಕಾರ" ಅನ್ನೋದನ್ನ ನೆನಪಿಟ್ಕೊಳಿ, ಆ ಜಗಳ ಆಮೇಲೆ ಬರತ್ತೆ.

ಮೊದಲನೇ ತೊಂದರೆ ಎಲ್ರಿಗೂ ಬರೋದೇ. ಬರಿಗೈಲಿ ಬಿಗಿಯಾಗಿ ಸುತ್ತಿ ಮೂಲೇಲಿ ನಿಲ್ಲಿಸಿ ಕೆಲವು ತಿಂಗಳು ಬಿಟ್ರೆ ಒಳಗಿನ ತುದಿ ಸುರುಳಿ ಬಿಡಲ್ಲ, ಹಾಸಿದಾಗ ಎದ್ದು ನಿಲ್ಲತ್ತೆ, ಮಗು ಅದಕ್ಕೇ ಎಡವತ್ತೆ. ಫೋಮ್‌ಗೆ ಒತ್ತಡ, ಬಿಸಿ, ಟೈಮು ಈ ಮೂರೂ ಒಟ್ಟಿಗೆ ಸಿಕ್ರೆ ಆ ಆಕಾರಾನೇ ಅದರ ಆಕಾರ ಆಗೋಗತ್ತೆ. ಫೋಮ್ ಎಷ್ಟು ಸೋಲತ್ತೆ ಅಂತ ಅಳೆಯೋ ಐಎಸ್ಒ 1856 ಪರೀಕ್ಷೇಲೂ ಮಾಡೋದು ಇದನ್ನೇ, ಅರ್ಧ ದಪ್ಪಕ್ಕೆ ಒತ್ತಿ 70 ಡಿಗ್ರಿಲಿ 22 ಗಂಟೆ ಇಟ್ಟು, ಬಿಟ್ಟಮೇಲೆ ಎಷ್ಟು ವಾಪಸ್ ಬಂತು ಅಂತ ನೋಡೋದು. ಬೇಸಿಗೇಲಿ ಶೀಟ್ ಮೇಲ್ಛಾವಣಿ ಕೆಳಗಿನ ಅಟ್ಟದಲ್ಲಿ ಬಿಗಿಯಾಗಿ ಕಟ್ಟಿದ ಮ್ಯಾಟ್ ಇಟ್ರೆ ಆ ಪರೀಕ್ಷೆನ ನಾವೇ ಬಿಟ್ಟಿಯಾಗಿ ಮಾಡ್ತಿದೀವಿ ಅಂತ ಅರ್ಥ.

ಹಾಗಾಗಿ ಕೋರ್ ಬೇಕು, ಅಂದ್ರೆ ಮ್ಯಾಟ್ ಸುತ್ತೋಕೆ ಮಧ್ಯ ಒಂದು ಉರುಳೆ, ದೊಡ್ಡ ಕೋರ್. ಇಲ್ಲಿ ಒಂದು ಲೆಕ್ಕ ಹಾಕ್ದೆ, ಅದು ನನ್ನ ಕಣ್ಣು ತೆರೆಸ್ತು. 15 ಎಂಎಂ ಮ್ಯಾಟನ್ನ 4 ಸೆಂಮೀ ತೂತು ಬಿಟ್ಟು ಸುತ್ತಿದ್ರೆ ಒಳಗಿನ ಸುತ್ತಲ್ಲಿ ಫೋಮ್‌ನ ಒಂದು ಮೈ ಸುಮಾರು 27% ಕುಗ್ಗಬೇಕು, ಇನ್ನೊಂದು ಮೈ ಅಷ್ಟೇ ಹಿಗ್ಗಬೇಕು. 20 ಸೆಂಮೀ ಕೋರ್ ಮೇಲೆ ಸುತ್ತಿದ್ರೆ ಅದು 7%ಗೆ ಇಳಿಯತ್ತೆ. ಆದ್ರೆ ಸುರುಳಿ ರಾಕ್ಷಸನ ಸೈಜ್ ಆಗತ್ತಲ್ವಾ ಅಂತ ನಾನೂ ಅಂದ್ಕೊಂಡಿದ್ದೆ, ಆಗಲ್ಲ! ಸಣ್ಣ ತೂತಿನ ಸುರುಳಿ ಹೊರಗಡೆ 20 ಸೆಂಮೀ ವ್ಯಾಸ, ದೊಡ್ಡ ಕೋರ್‌ದು 28 ಸೆಂಮೀ. ಅಷ್ಟೇ ವ್ಯತ್ಯಾಸ, ಯಾಕಂದ್ರೆ ಸುತ್ತು ದೊಡ್ಡದಾದಷ್ಟೂ ಸುತ್ತುಗಳ ಸಂಖ್ಯೆ ಕಮ್ಮಿ ಆಗತ್ತೆ, ಎರಡೂವರೆ ಸುತ್ತಿಗೆಲ್ಲ ಮ್ಯಾಟ್ ಮುಗಿದೋಗತ್ತೆ. 8 ಸೆಂಮೀ ಜಾಗ ಉಳಿಸೋಕೆ ಮ್ಯಾಟ್ ಹಾಳು ಮಾಡ್ಕೋತೀವಿ.

20 ಸೆಂಮೀ ಪೈಪ್ ತಗೊಳೋಣ ಅಂದ್ರೆ ಭಾರ. ರಟ್ಟಿನ ಕೊಳವೆ ಕೇಳಿದ್ರೆ ಕಾರ್ಪೆಟ್ ಸುತ್ತಿ ಬರೋ ಸಣ್ಣದೇ ಎಲ್ಲ ಕಡೆ. ಹಾಗಾಗಿ ಪ್ಲೈವುಡ್ ಬಿಲ್ಲೆಗಳು, ಅದರ ಸುತ್ತ ಮರದ ಪಟ್ಟಿಗಳು, ಮೇಲೆ ಒಂದು ಕಡೆ ಮಾತ್ರ ಕಾಗದ ಅಂಟಿಸಿರೋ ಅಲೆಅಲೆ ರಟ್ಟು, ಅಲೆ ಕೋರ್ ಉದ್ದಕ್ಕೆ ಇರೋ ಹಾಗೆ, ಆಗ ಅದು ಸಲೀಸಾಗಿ ಬಾಗತ್ತೆ. ಆ ರಟ್ಟನ್ನ ಸುರುಳಿಯಾಗಿ ಕಳಿಸಿ ಅಂತ ಬರೆದು, ಫೋನ್ ಮಾಡಿ, ಮತ್ತೆ ಬರೆದು ಹೇಳಿದ್ದೆ. ನಾಲ್ಕು ಮಡಿಕೆ ಮಾಡಿ ಕಳಿಸಿದಾರೆ! ಬಾಗೋಕೆ ಅಂತಾನೇ ಹುಟ್ಟಿರೋ ವಸ್ತುನ ಮಡಚಿ ಮುರಿದು ಕಳಿಸೋಕೂ ಒಂದು ಪ್ರತಿಭೆ ಬೇಕು. ಕೇಳಿದ್ರೆ "ಸರ್, ಪಾರ್ಸೆಲ್ ಸೈಜ್ ಲಿಮಿಟ್" ಅಂತಾರೆ.

ಇರ್ಲಿ. ಎರಡು ಪದರ ಸುತ್ತಿದ್ಮೇಲೆ ಕೋರ್ ಗುಂಡಗೆ, ನುಣ್ಣಗೆ ಬಂತು. ಸುತ್ತಿ ಇಟ್ಟೆ. ತಿಂಗಳಾದ್ಮೇಲೆ ಬಿಚ್ಚಿದ್ರೆ ತುದಿ ಏಳಲ್ಲ, ಚೆನ್ನಾಗಿ ಮಲಗತ್ತೆ, ಆದ್ರೆ ಒಂದು ತುದಿಯಿಂದ ಸುಮಾರು ಒಂದೂವರೆ ಮೊಳ ದೂರದಲ್ಲಿ, ಇಡೀ ಅಗಲಕ್ಕೆ, ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ಅಡ್ಡಗೆರೆ. ತಗ್ಗು. ಬೆರಳಾಡಿಸಿದ್ರೆ ಗೊತ್ತಾಗತ್ತೆ. ಮೊದಲು ಪಟ್ಟಿಗಳ ಮೇಲೆ ಅನುಮಾನ ಬಂತು, ಒಂದೊಂದನ್ನೂ ಉಜ್ಜಿದೆ, ಮತ್ತೆ ಗೆರೆ. ಕಟ್ಟೋ ಬೆಲ್ಟ್ ಮೇಲೆ ಅನುಮಾನ, ಆದ್ರೆ ಬೆಲ್ಟ್ ಕಟ್ಟಿದ ಗುರುತು ಉದ್ದಕ್ಕೆ ಬೀಳಬೇಕು, ಇದು ಅಡ್ಡಕ್ಕಿದೆ. ಗೆರೆ ಇರೋ ಜಾಗನ ಟೇಪ್‌ನಲ್ಲಿ ಅಳೆದ್ರೆ ಕೋರ್‌ನ ಸರಿಯಾಗಿ ಒಂದು ಸುತ್ತಳತೆ. ಆಗ ಹೊಳೀತು. ಮ್ಯಾಟ್‌ನ ಒಳತುದಿ ಕೋರ್ ಮೇಲೆ ಎಲ್ಲಿ ಶುರು ಆಗತ್ತೋ ಅಲ್ಲೊಂದು ಮೆಟ್ಟಿಲು ಇರತ್ತೆ, ಮ್ಯಾಟ್ ದಪ್ಪದಷ್ಟೇ ಎತ್ತರದ್ದು. ಎರಡನೇ ಸುತ್ತು ಆ ಮೆಟ್ಟಿಲು ಹತ್ತಿ ಹೋಗಬೇಕು. ಹತ್ತೋ ಜಾಗದಲ್ಲಿ ತುದಿಯ ಅಂಚು ಫೋಮ್‌ಗೆ ಕೊರೆಯತ್ತೆ. ಫಿಲ್ಮ್, ಪೇಪರ್ ರೋಲ್ ಮಾಡೋ ಕಾರ್ಖಾನೆಗಳಿಗೆ ಇದು ಹಳೇ ತಲೆನೋವು, ಅವರದು ಮೈಕ್ರಾನ್ ಲೆಕ್ಕದ ಮೆಟ್ಟಿಲು, ನಮ್ದು ಬೆರಳು ಗಾತ್ರದ್ದು.

ಈ ಮೆಟ್ಟಿಲಿನ ಜೊತೆ ನಾನು ಪಟ್ಟ ಪಾಡು ಹೇಳ್ತೀನಿ ಕೇಳಿ. ಹಳೇ ಇವಿಎ ಟೈಲ್ (ನೆಲಕ್ಕೆ ಜೋಡಿಸಿ ಹಾಸೋ ಫೋಮ್ ತುಂಡು) ಒಂದನ್ನ ಓರೆಯಾಗಿ ಸೀಳಿ ಉದ್ದನೆ ಬೆಣೆ ಮಾಡಿ ತುದಿ ಪಕ್ಕ ಇಟ್ಟೆ, ಮೆಟ್ಟಿಲು ಇಳಿಜಾರಾಗ್ಲಿ ಅಂತ. ಬೆಣೆ ಚೆನ್ನಾಗೇ ಬಂತು, ಆದ್ರೆ ಸುತ್ತುವಾಗ ಜಾರತ್ತೆ. ಟೇಪ್ ಹಾಕಿದ್ರೆ ಟೇಪ್ ಅಂಚೇ ಗೆರೆ ಹಾಕತ್ತೆ. ಮೃದುವಾದ ಸ್ಪಂಜ್ ಹೊದಿಸಿದ್ರೆ, ಗೆರೆ ಮಾಯ ಆಗೋ ಬದಲು ಅಗಲ ಆಯ್ತು. ಸಡಿಲವಾಗಿ ಸುತ್ತಿದ್ರೆ ಗೆರೆ ತಿಳಿಯಾಗತ್ತೆ, ಆದ್ರೆ ಸುರುಳಿ ಒಂದು ಕಡೆ ಜೋತು ಬಿದ್ದು ಹೊಟ್ಟೆ ಬರತ್ತೆ. ಪ್ರತಿ ಸಲ ಫಲಿತಾಂಶ ಗೊತ್ತಾಗೋಕೆ ವಾರಗಟ್ಟಲೆ ಕಾಯಬೇಕು ಬೇರೆ, ಮನೆಯವರು "ಮ್ಯಾಟ್ ಇರೋದು ಮಗು ಆಡೋಕಾ ನೀವು ಸುತ್ತೋಕಾ" ಅಂತ ಕೇಳೋ ಮಟ್ಟಕ್ಕೆ ಬಂತು.

ಉತ್ತರ ಏನಪ್ಪಾ ಅಂದ್ರೆ, ಕೋರ್ ಗುಂಡಗಿರಲೇಬಾರದು! ಬಸವನಹುಳುವಿನ ಚಿಪ್ಪಿನ ಹಾಗೆ ಇರಬೇಕು. ಒಂದು ಸುತ್ತು ಬರೋಷ್ಟರಲ್ಲಿ ಕೋರ್‌ನ ತ್ರಿಜ್ಯ ಮ್ಯಾಟ್ ದಪ್ಪದಷ್ಟು ಬೆಳೆದು, ಅಲ್ಲಿ ದಿಢೀರ್ ಅಂತ ಒಂದು ತಗ್ಗು. ಮ್ಯಾಟ್‌ನ ತುದಿ ಆ ತಗ್ಗಲ್ಲಿ ಗೋಡೆಗೆ ಒತ್ತಿ ಕೂರತ್ತೆ. ಒಂದು ಸುತ್ತು ಬಂದು ಕೋರ್‌ನ ಎತ್ತರದ ಜಾಗಕ್ಕೆ ತಲುಪಿದಾಗ ಕೆಳಗಿನ ತುದಿಯ ಮೇಲ್ಮೈ ಅದೇ ಮಟ್ಟದಲ್ಲಿರತ್ತೆ, ಹಾಗಾಗಿ ಎರಡನೇ ಸುತ್ತಿಗೆ ಮೆಟ್ಟಿಲು ಅನ್ನೋದೇ ಇಲ್ಲ. ಮೆಟ್ಟಿಲನ್ನ ಮ್ಯಾಟ್‌ನಿಂದ ಕಿತ್ತು ಕೋರ್ ಒಳಗೆ ಹೂತುಬಿಟ್ಟೆ ಅಷ್ಟೇ.

ಆ ಆಕಾರ ಬರೆಯೋಕೆ ಕಂಪ್ಯೂಟರ್ ಏನೂ ಬೇಡ. ಪ್ಲೈ ಮಧ್ಯ ಒಂದು ಗೂಟ, ಗೂಟಕ್ಕೆ ದಾರ, ದಾರದ ತುದಿಗೆ ಪೆನ್ಸಿಲ್. ಪೆನ್ಸಿಲ್ ಒಂದು ಸುತ್ತು ಬಂದಾಗ ದಾರ ಗೂಟಕ್ಕೆ ಒಂದು ಸುತ್ತು ಸುತ್ಕೊಂಡು ಗೂಟದ ಸುತ್ತಳತೆಯಷ್ಟು ಕಮ್ಮಿ ಆಗತ್ತೆ. 4 ಎಂಎಂ ಡ್ರಿಲ್ ಬಿಟ್ಟನ್ನ ತಲೆಕೆಳಗಾಗಿ ತೂತಿಗೆ ನಿಲ್ಲಿಸಿದ್ರೆ ಸುತ್ತಳತೆ 12.6 ಎಂಎಂ. ಹಿಗ್ಗದೇ ಇರೋ ತೆಳು ದಾರ ತಗೊಳಿ, ಹೊಲಿಗೆ ದಾರ ಎಳೆದ್ರೆ ಹಿಗ್ಗಿ ಆಟ ಆಡ್ಸತ್ತೆ.

"15 ಎಂಎಂ ಮ್ಯಾಟ್‌ಗೆ 12.6 ಯಾಕೆ" ಅಂತ ಕೇಳೋರಿಗೆ ಈಗ ಆ ಜಗಳ. ಫೋಮ್‌ಗೆ ಕ್ಯಾಲಿಪರ್ ನೇರ ಕಚ್ಚಿಸಿದ್ರೆ ದವಡೆ ಒಳಗೆ ಹೋಗತ್ತೆ, ತಪ್ಪು ಅಳತೆ ಬರತ್ತೆ. ಎರಡು ಗಾಜಿನ ತುಂಡು ಮಧ್ಯೆ ಇಟ್ಟು, ಹೊರಗಿಂದ ಅಳೆದು ಗಾಜಿನ ದಪ್ಪ ಕಳೆದೆ. 13. ಮೂಲೇಲೂ 13, ಮಧ್ಯಾನೂ 13. ಮಾರಿದವರಿಗೆ ಬರೆದ್ರೆ ಬಂದ ಉತ್ತರ "ಬಳಕೆಯಿಂದ ಸ್ವಲ್ಪ ಕುಗ್ಗುವುದು ಸಹಜ". ಪ್ಯಾಕೆಟ್ ಒಡೆದ ದಿನಾನೇ ಅಳೆದಿದ್ದು ಸ್ವಾಮಿ! ಅದರ ಮೇಲೆ ಅಂಚನ್ನ ಬಿಸಿಯಲ್ಲಿ ಒತ್ತಿ ಸೀಲ್ ಮಾಡಿರೋದ್ರಿಂದ ಕೊನೇ ಒಂದು ಬೆರಳಗಲ ಇನ್ನೂ ತೆಳು. ಹಾಗಾಗಿ ತಗ್ಗಿನ ಗೋಡೆ ಪಕ್ಕ ತೆಳ್ಳನೆ ಇವಿಎ ಪಟ್ಟಿ ಇಟ್ಟು ಮಟ್ಟ ಮಾಡಬೇಕಾಯ್ತು, ಕೈಬೆರಳಲ್ಲಿ ಸವರಿದಾಗ ಕೋರ್ ಯಾವುದು ಮ್ಯಾಟ್ ಯಾವುದು ಗೊತ್ತಾಗದೇ ಇರೋವರೆಗೆ. ಈ ಸವರೋ ಕೆಲಸನ ಅವಸರ ಮಾಡ್ಬೇಡಿ, ಇಡೀ ಪ್ರಾಜೆಕ್ಟ್ ಇರೋದೇ ಅಲ್ಲಿ.

ಬಿಲ್ಲೆಗಳನ್ನ ಕೂಡಿಸುವಾಗ ಎಲ್ಲದರ ತಗ್ಗೂ ಒಂದೇ ಸಾಲಲ್ಲಿ, ಸುತ್ತೋ ದಿಕ್ಕೂ ಒಂದೇ ಇರ್ಬೇಕು. ಒಂದು ಮುಖಕ್ಕೆ ಬಾಣದ ಗುರುತು ಹಾಕ್ಕೊಳಿ, ಇಲ್ಲಾಂದ್ರೆ ಒಂದು ಬಿಲ್ಲೆ ಮಗುಚಿ ಕೂತ್ರೆ ಅಂಟು ಒಣಗಿದ ಮೇಲೇ ಗೊತ್ತಾಗೋದು.

ಸುತ್ತುವಾಗ ಮಕ್ಕಳು ಜಾಸ್ತಿ ಆಡೋ ಮುಖ ಹೊರಗಡೆ ಬರ್ಲಿ. ಒಳಮುಖದ ಫಿಲ್ಮ್ ಸುಕ್ಕುಗಟ್ಟತ್ತೆ, ಹೊರಮುಖದ್ದು ಬರೀ ಹಿಗ್ಗತ್ತೆ, ಬಿಚ್ಚಿದ ಮೇಲೆ ಹಿಗ್ಗಿದ್ದು ಬೇಗ ಸರಿ ಹೋಗತ್ತೆ, ಸುಕ್ಕು ಹಾಗೇ ಉಳಿಯತ್ತೆ. ಕಟ್ಟೋಕೆ ಜೊತೇಲಿ ಕೊಡೋ ಕಿರುಬೆರಳಗಲದ ಎಲಾಸ್ಟಿಕ್‌ನ ಬೇರೆ ಏನಕ್ಕಾದ್ರೂ ಬಳಸಿ. ಹಳೇ ಬೆಡ್‌ಶೀಟ್ ಹರಿದು ಗೇಣಗಲದ ಪಟ್ಟಿ, ತುದಿಗೆ ವೆಲ್ಕ್ರೋ, ಒಂದು ಬೆರಳು ಆರಾಮಾಗಿ ಒಳಗೆ ಹೋಗೋಷ್ಟು ಸಡಿಲ. ಬಿಲ್ಲೆಗಳ ಮಧ್ಯ ಪೈಪ್ ತೂರಿಸಿ ಎರಡು ಬ್ರಾಕೆಟ್ ಮೇಲೆ ಕೂರಿಸಿದೀನಿ, ಸುರುಳಿ ಗಾಳೀಲಿ ನಿಂತಿರತ್ತೆ, ಕೆಳಗೆ ಏನೂ ತಾಗಲ್ಲ. ನೆಲದ ಮೇಲೆ ಮಲಗಿಸಿದ್ರೆ ತನ್ನ ಭಾರಕ್ಕೇ ಒಂದು ಕಡೆ ಚಪ್ಪಟೆ ಆಗತ್ತೆ, ನಿಲ್ಲಿಸಿದ್ರೆ ಕೆಳಗಿನ ಅಂಚು ಅರಳತ್ತೆ. ಕಿಟಕಿ ಎದುರು ಮಾತ್ರ ಬೇಡ, ಬಿಸಿಲಿನ ಯುವಿಗೆ ಫಿಲ್ಮ್ ಬಣ್ಣಗೆಟ್ಟು ಬಿರುಸಾಗತ್ತೆ. ಮೇಲೆ ಹತ್ತಿ ಬಟ್ಟೆ ಗೌಸು, ಪ್ಲಾಸ್ಟಿಕ್ ಬೇಡ.

ವ್ಯಾಕ್ಯೂಮ್ ಬ್ಯಾಗ್ ಸಲಹೆ ಕೊಡೋರು ಪ್ರತಿ ಸಲ ಒಬ್ರು ಸಿಗ್ತಾರೆ, ಅವರಿಗೂ ಒಂದು ಲೆಕ್ಕ. ಬ್ಯಾಗ್‌ನಿಂದ ಪೂರ್ತಿ ಗಾಳಿ ತೆಗೆದ್ರೆ ಹೊರಗಿನ ಗಾಳಿ ಚದರ ಮೀಟರಿಗೆ ಸುಮಾರು 10 ಟನ್ ತೂಕದಷ್ಟು ಒತ್ತತ್ತೆ. ರಗ್ಗಿಗೆ ಓಕೆ, ರಗ್ಗಿನ ಗಾಳಿ ಹೊರಗೆ ಹೋಗತ್ತೆ, ಬ್ಯಾಗ್ ಬಿಚ್ಚಿದ್ರೆ ವಾಪಸ್ ಬರತ್ತೆ. ಕ್ಲೋಸ್ಡ್ ಸೆಲ್ ಫೋಮ್‌ನಲ್ಲಿ ಗಾಳಿ ಪುಟ್ಟ ಕೋಣೆಗಳಲ್ಲಿ ಬೀಗ ಹಾಕಿಸ್ಕೊಂಡಿರತ್ತೆ. ತಿಂಗಳುಗಟ್ಟಲೆ ಒತ್ತಿದ್ರೆ ಅದು ಗೋಡೆ ಮೂಲಕ ಮೆಲ್ಲಗೆ ನುಸುಳಿ ಹೊರಟೋಗತ್ತೆ, ವಾಪಸ್ ಬರೋಕೂ ಅಷ್ಟೇ ನಿಧಾನ, ಅಷ್ಟರಲ್ಲಿ ಗೋಡೆಗಳೇ ಬಾಗಿ ಕೂತಿರತ್ವೆ.

ಈಗ ಕೈ ತುರಿಸ್ತಿರೋದು ಇವಿಎ ಜಿಗ್‌ಸಾ ಟೈಲ್‌ಗಳ ಮೇಲೆ. ಅವು ಇನ್ನೂ ಒಂದು ಚೀಲದಲ್ಲಿ ಅಡ್ಡಾದಿಡ್ಡಿ ತುಂಬ್ಕೊಂಡಿವೆ, ಹಲ್ಲುಗಳೆಲ್ಲ ಸೊಟ್ಟ, ಒಂದಕ್ಕೊಂದು ಕಚ್ಚಲ್ಲ. ಮಂಚದ ಕೆಳಗೆ ತೂರೋ ಚಪ್ಪಟೆ ಟ್ರೇ, ತಳಕ್ಕೆ ಚಕ್ರ, ಟೈಲ್‌ಗಳು ಒಂದರ ಮೇಲೊಂದು ಮಲಗಿ, ಅಂಚಿನ ಪಟ್ಟಿಗಳಿಗೆ ಪಕ್ಕದಲ್ಲಿ ಬೇರೆ ಗೂಡು. ಹಲ್ಲು ಟ್ರೇ ಗೋಡೆಗೆ ತಾಗಬಾರದು, ಹಾಗಾಗಿ ಟ್ರೇ ಅಳತೆನ ಟೈಲ್‌ನ ಹಲ್ಲು ಸೇರಿಸಿ ತಗೋಬೇಕು, ಡಬ್ಬ ಮಾರೋರು ಇದನ್ನ ಲೆಕ್ಕಕ್ಕೇ ತಗೊಳಲ್ಲ. ಮುಚ್ಚಳ ಗಾಳಿಯಾಡೋ ಹಾಗಿರ್ಬೇಕು. ಹೊಸ ಟೈಲ್ ವಾಸನೆ ಗೊತ್ತಲ್ಲ, ಅದರಲ್ಲಿ ಫಾರ್ಮಮೈಡ್ ಕೂಡ ಇರಬಹುದು, ಫೋಮ್ ಉಬ್ಬಿಸೋಕೆ ಹಾಕೋ ರಾಸಾಯನಿಕ ಒಡೆದಾಗ ಉಳಿಯೋ ವಸ್ತು. ಆಟಿಕೆ ಫೋಮ್‌ನಿಂದ 28 ದಿನ ಆದ್ಮೇಲೂ ಅದು ಗಾಳೀಲಿ ಘನ ಮೀಟರಿಗೆ 20 ಮೈಕ್ರೋಗ್ರಾಂ ದಾಟಬಾರದು ಅಂತ ಯುರೋಪಿಯನ್ ಒಕ್ಕೂಟ 2015ರಲ್ಲೇ ಮಿತಿ ಹಾಕಿದೆ. ಹೊಸದನ್ನ ಬಿಚ್ಚಿ ಗಾಳಿಗೆ ಹಾಕದೇ ಡಬ್ಬಿಗೆ ತುಂಬಿ ಮುಚ್ಚೋದು ಬೇಡ.

ಹರಿದ ಟೈಲ್‌ಗಳನ್ನ ಎಸೀಬೇಡಿ, ಟೂಲ್ ಡ್ರಾಯರ್‌ಗೆ ಒಂದೊಂದು ಟೂಲ್ ಆಕಾರಕ್ಕೆ ಕೊರೆದು ಹಾಸೋಣ ಅಂತಿದೀನಿ, ಎರಡು ಬಣ್ಣದ ಟೈಲ್ ಒಂದರ ಮೇಲೊಂದು ಅಂಟಿಸಿದ್ರೆ ಯಾವ ಟೂಲ್ ವಾಪಸ್ ಬಂದಿಲ್ಲ ಅಂತ ತಳದ ಬಣ್ಣಾನೇ ಹೇಳತ್ತೆ. ಆದ್ರೆ ಮೊದಲು ಟ್ರೇ. ಚಕ್ರಕ್ಕೆ ಆರ್ಡರ್ ಹಾಕಿ ಆಗಿದೆ, ನಾಲ್ಕು ಕೇಳಿದ್ದಕ್ಕೆ ಮೂರು ಬಂದಿವೆ. ತಳ ಎಳೆದಾಗ ಜಗ್ಗದ ಹಾಗೆ ತೆಳು ಪ್ಲೈಗೆ ಅಡಿಪಟ್ಟಿ ಯಾರಾದ್ರೂ ಕೊಟ್ಟಿದ್ರೆ ಎಷ್ಟು ಅಂತರಕ್ಕೆ ಕೊಟ್ರಿ ಹೇಳಿ, ನಾಲ್ಕನೇ ಚಕ್ರ ಬರೋಷ್ಟರಲ್ಲಿ ಕತ್ತರಿಸಿಟ್ಕೋತೀನಿ.