ಇಂಗ್ಲಿಷ್ ಬಂದ್ರೆ ಸ್ಕೂಲಿಂದ ಕಳಿಸಿಬಿಡ್ತಾರಾ?

ಹೋದ ವಾರ ಮಗಳ ಟೀಚರ್ ಫೋನ್ ಮಾಡಿದ್ದರು. ಮೊದಲೆಲ್ಲ ದಿನಕ್ಕೆರಡು ಹೊಸ ಮಾತು ಕಲಿಯುತ್ತಿದ್ದವಳು ಎರಡು ವಾರದಿಂದ ಬಾಯೇ ಬಿಡುತ್ತಿಲ್ಲವಂತೆ. ಕೇಳಿದ್ದಕ್ಕೆಲ್ಲ ಸುಮ್ನೆ ತಲೆ ಆಡಿಸುತ್ತಾಳಂತೆ. ಮನೆಯಲ್ಲಿ ಏನಾದರೂ ಆಯಿತಾ ಅಂತ ಕೇಳಿದರು. ನನಗೆ ಗಾಬರಿ. ಮನೆಯಲ್ಲಿ ಇವಳ ಮಾತು ನಿಲ್ಲಿಸೋದೇ ಕಷ್ಟ.

ರಾತ್ರಿ ತಲೆ ಬಾಚುತ್ತಾ ಮೆಲ್ಲಗೆ ಕೇಳಿದೆ. ಹೇಳಲಿಲ್ಲ. ಜಡೆ ಮುಗಿಸಿ ರಬ್ಬರ್ ಬ್ಯಾಂಡ್ ಹಾಕುವಾಗ ಅವಳೇ ಕೇಳಿದಳು: "ಅಮ್ಮಾ, ನಂಗೆ ಇಂಗ್ಲಿಷ್ ಬಂದ್ರೆ ಸ್ಕೂಲಿಂದ ಕಳಿಸಿಬಿಡ್ತಾರಾ?"

ನನ್ನ ಕೈ ಅಲ್ಲೇ ನಿಂತಿತು.

ನಾವಿರೋದು ಡಲ್ಲಾಸ್ ಹತ್ತಿರ. ಟೆಕ್ಸಾಸಿನ ಸರ್ಕಾರಿ ಶಾಲೆಗಳಲ್ಲಿ ಪ್ರೀ-ಕೆ, ಅಂದರೆ ನಮ್ಮ ಎಲ್‌ಕೆಜಿಯಂಥ ತರಗತಿ, ಉಚಿತ, ಆದರೆ ಎಲ್ಲ ಮಕ್ಕಳಿಗೂ ಅಲ್ಲ. ಸೆಪ್ಟೆಂಬರ್ 1ಕ್ಕೆ ನಾಲ್ಕು ತುಂಬಿರಬೇಕು. ಜೊತೆಗೆ ಮನೆಯ ಆದಾಯ ಕಡಿಮೆ ಇರಬೇಕು, ಇಲ್ಲ ಅಪ್ಪ ಅಮ್ಮ ಸೇನೆಯಲ್ಲಿರಬೇಕು, ಇಲ್ಲ ಮಗುವಿಗೆ ಇಂಗ್ಲಿಷ್ ಬರದೇ ಇರಬೇಕು. ಇಂಥ ಕೆಲವು ನಿಯಮಗಳಿವೆ. ಫಾರಂನಲ್ಲಿ ಮನೆಯಲ್ಲಿ ಜಾಸ್ತಿ ಯಾವ ಭಾಷೆ ಆಡುತ್ತೀರಿ ಅಂತ ಕೇಳುತ್ತಾರೆ. "ಇಂಗ್ಲಿಷ್ ಅಂತಲೇ ಬರೀರಿ, ಇಲ್ಲದಿದ್ದರೆ ಮಗುವನ್ನು ಹಿಂದೆ ಕೂರಿಸ್ತಾರೆ" ಅಂತ ಕೆಲವರು ಹೆದರಿಸಿದ್ದರು. ನಾನು ಕನ್ನಡ ಅಂತಲೇ ಬರೆದೆ. ಆಮೇಲೆ ಒಂದು ಚಿಕ್ಕ ಪರೀಕ್ಷೆ. ಚಿತ್ರ ತೋರಿಸಿದರೆ ಇವಳು ಜೋರಾಗಿ "ಬಾತುಕೋಳಿ!" ಅಂದಳು. ಅವರು ನಗುತ್ತಾ ಏನೋ ಗುರುತು ಹಾಕಿಕೊಂಡರು. ಸೀಟು ಸಿಕ್ಕಿತು. ಬೆಳಿಗ್ಗೆಯಿಂದ ಮೂರು ಗಂಟೆವರೆಗೆ, ಒಂದು ಡಾಲರ್ ಕೂಡ ಇಲ್ಲದೆ.

ಪಕ್ಕದ ಮನೆಯ ಹುಬ್ಬಳ್ಳಿಯವರ ಹುಡುಗನಿಗೂ ಅದೇ ವಯಸ್ಸು. ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ, ಅವರ ಸಂಬಳವೂ ಮಿತಿಗಿಂತ ಮೇಲಿದೆ. ಹಾಗಾಗಿ ಸೀಟಿಲ್ಲ. ಖಾಸಗಿ ಡೇಕೇರಿಗೆ ತಿಂಗಳಿಗೆ ಸಾವಿರ ಡಾಲರಿಗೂ ಮೇಲೆ ಕಟ್ಟುತ್ತಿದ್ದಾರೆ. ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಟೀ ಕುಡಿಯುತ್ತಾ ಆಕೆ ಅಂದಿದ್ದರು: "ನಿಮ್ಮ ಮಗಳಿಗೆ ಇಂಗ್ಲಿಷ್ ಬರದಿದ್ದದ್ದ ಚಲೋ ಆತ್ ನೋಡ್ರಿ, ಸೀಟ್ ಸಿಕ್ತು." ಮಗಳು ಮೇಜಿನ ಕೆಳಗೆ ಆಡುತ್ತಿದ್ದಳು. ಕೇಳಿಸಿಕೊಂಡಿದ್ದಾಳೆ. ಪಾಪ, ಎರಡು ವಾರ ಆ ಭಯವನ್ನು ಒಳಗೇ ಇಟ್ಟುಕೊಂಡಿದ್ದಾಳೆ.

ಒಮ್ಮೆ ಸೇರಿದ ಮೇಲೆ ಆ ವರ್ಷವಿಡೀ ಸೀಟು ನಿನ್ನದೇ, ಯಾರೂ ಕಳಿಸಲ್ಲ ಅಂತ ಹೇಳಿ ಮಲಗಿಸಿದೆ. ನನಗೆ ನಿದ್ದೆ ಬರಲಿಲ್ಲ. ಪಕ್ಕದ ಮನೆ ಹುಡುಗ ಯಾಕೆ ಹೊರಗಿರಬೇಕು? ಅರ್ಹ ನಾಲ್ಕು ವರ್ಷದ ಮಕ್ಕಳಿಗೆ ಪೂರ್ತಿ ದಿನ ಕಲಿಸಬೇಕು ಅಂತ ಇಲ್ಲಿ 2019ರಲ್ಲಿ ಕಾನೂನಾಯಿತು. ಆದರೆ ಮಕ್ಕಳ ಹಾಜರಿ ಲೆಕ್ಕ ಹಾಕಿ ರಾಜ್ಯ ಶಾಲೆಗಳಿಗೆ ಕೊಡುವ ದುಡ್ಡು ಇನ್ನೂ ಅರ್ಧ ದಿನದ್ದೇ. ಚಿಕ್ಕ ಮಕ್ಕಳ ತರಗತಿಗಳಿಗೆ ಅಂತ ಬೇರೆ ಒಂದಿಷ್ಟು ಬರುತ್ತೆ. ಉಳಿದದ್ದನ್ನು ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಹೊಂದಿಸಿಕೊಳ್ಳಬೇಕು. ನನ್ನ ಮಗಳು ಊಟ ಮಾಡಿ ಚಾಪೆ ಮೇಲೆ ಮಲಗೋ ಹೊತ್ತಿಗೆ ರಾಜ್ಯದ ಲೆಕ್ಕದಲ್ಲಿ ಅವಳ ದಿನ ಮುಗಿದಿರುತ್ತೆ. ಇಷ್ಟು ಶ್ರೀಮಂತ ರಾಜ್ಯ ಆ ಇನ್ನರ್ಧ ದಿನವನ್ನೂ ಕೊಡಬೇಕು, ಎಲ್ಲ ಮಕ್ಕಳಿಗೂ ಕೊಡಬೇಕು ಅನ್ನೋದು ನನ್ನ ಮಾತು.

ಚಾಪೆ ಅಂದಾಗ ನನಗೆ ಅವ್ವನ ಅಂಗನವಾಡಿಯೇ ಕಣ್ಣ ಮುಂದೆ ಬರುತ್ತೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಟಿ. ನರಸೀಪುರಕ್ಕೆ. ಅವ್ವ ಅಲ್ಲಿ ಕೆಲಸಕ್ಕೆ ಸೇರಿದ್ದು ಕೆಲವು ವರ್ಷ ಆದ ಮೇಲೆ. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಗೋಡೆ ಮೇಲೆ ಅವ್ವನೇ ಬಣ್ಣದಲ್ಲಿ ಬರೆದ ನವಿಲು. ಊಟ ಆದ ಮೇಲೆ ಮಕ್ಕಳು ಸಾಲಾಗಿ ಮಲಗುತ್ತಿದ್ದರು. ಅವ್ವ ಸೆರಗಿನಿಂದ ನೊಣ ಓಡಿಸುತ್ತಾ ಕೂತಿರುತ್ತಿದ್ದಳು. ನನ್ನ ಮಗಳ ಟೀಚರಿಗೆ ಉಳಿದ ಟೀಚರುಗಳಂತೆಯೇ ಸಂಬಳ. ಅವ್ವನಿಗೆ ನಿವೃತ್ತಿಯವರೆಗೂ ಸಿಕ್ಕಿದ್ದು ಗೌರವಧನ. ಸಂಬಳ ಅನ್ನೋ ಮಾತನ್ನೇ ಯಾರೂ ಆಡಲಿಲ್ಲ. ಇದು ನನಗೆ ಈಗಲೂ ನೋಯುತ್ತೆ.

ಈಗ ಊರಿಗೆ ಬೆಳಿಗ್ಗೆ ಕಾನ್ವೆಂಟಿನ ವ್ಯಾನ್ ಬರುತ್ತೆ. ಮೈಸೂರಿನಲ್ಲಿರುವ ಅಣ್ಣ ಈ ವರ್ಷ ಮಗಳನ್ನು ಎಲ್‌ಕೆಜಿಗೆ ಅಂತ ಒಂದು ಶಾಲೆಗೆ ಕರೆದುಕೊಂಡು ಹೋಗಿದ್ದ. ಕೆಂಪು ಚೆಂಡು ತೋರಿಸಿ ಬಣ್ಣ ಕೇಳಿದರಂತೆ. ಮಗು "ಕೆಂಪು" ಅಂತು. ಇಂಗ್ಲಿಷಿನಲ್ಲಿ ಹೇಳಲಿಲ್ಲ ಅಂತ ಸೀಟು ಕೊಡಲಿಲ್ಲ. ಮೈಸೂರಿನಲ್ಲಿ! ಅಣ್ಣ ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ.

ಭಾನುವಾರ ಅವ್ವನಿಗೆ ವಿಡಿಯೋ ಕಾಲ್ ಮಾಡಿದ್ದೆವು. ಮಗಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು.

"ಅಜ್ಜಿ, ನಿನ್ ಸ್ಕೂಲಿಗೆ ಸೇರಕ್ಕೆ ಏನು ಬರಬಾರ್ದಿತ್ತು?"

ಅವ್ವನಿಗೆ ಮೊದಲು ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದಳು.

"ಏನೂ ಇಲ್ಲ ಕೂಸೇ. ಒಂದ್ ತಟ್ಟೆ ತಂದ್ರೆ ಆಗೋದು."

ಮಗಳು ಅಡುಗೆಮನೆಗೆ ಓಡಿದಳು. ತನ್ನ ಸ್ಟೀಲ್ ತಟ್ಟೆ ತಂದು ಫೋನಿನ ಮುಂದೆ ಹಿಡಿದುಕೊಂಡು ನಿಂತಳು.